ಪೊಟರೆಯ ಹಲ್ಲಿಯೂ ದೂರದ ಮಳೆಯೂ

ಮರುಭೂಮಿಯ ಜೀವಿಗೆ ಮೊದಲ ಶತ್ರು ಬಿಸಿಲು ಎಂಬ ಮಾತನ್ನು ನಾವು ಯೋಚಿಸದೆಯೇ ಒಪ್ಪಿಕೊಂಡುಬಿಡುತ್ತೇವೆ. ಹಲ್ಲಿ, ಓತಿಕ್ಯಾತಗಳ ಮೈಶಾಖ ಸುತ್ತಲಿನ ಶಾಖವನ್ನು ಅವಲಂಬಿಸಿದೆ. ಭೂಮಿ ಬಿಸಿಯಾಗುತ್ತಿದೆ. ಹಾಗಾದರೆ ಈಗಾಗಲೇ ಕಾದು ಕೆಂಡವಾಗಿರುವ ನೆಲದಲ್ಲಿ ಬದುಕುವ ಹಲ್ಲಿಗಳೇ ಎಲ್ಲರಿಗಿಂತ ಮೊದಲು ಅಳಿಯಬೇಕು. ಈ ತರ್ಕಕ್ಕೆ ಗಟ್ಟಿಯಾದ ಆಧಾರವೂ ಇದೆ. 2010ರಲ್ಲಿ ಬ್ಯಾರಿ ಸಿನರ್ವೊ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೆಕ್ಸಿಕೋದಲ್ಲಿ 1975ರಿಂದೀಚೆಗೆ ಸೆಲೊಪೊರಸ್ ಎಂಬ ಕುಲದ ಹಲ್ಲಿಗಳು ಅವು ಇದ್ದ ತಾಣಗಳ ಪೈಕಿ ಶೇ. 12ರಷ್ಟು ಕಡೆ ಇಲ್ಲವಾಗಿವೆ ಎಂದೂ, ಹೀಗೇ ಮುಂದುವರಿದರೆ 2080ರ ಹೊತ್ತಿಗೆ ಜಗತ್ತಿನ ಹಲ್ಲಿ ಪ್ರಭೇದಗಳಲ್ಲಿ ಐದನೇ ಒಂದು ಭಾಗ ಅಳಿದುಹೋಗಬಹುದು ಎಂದೂ ಅದರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಹಗಲಿನಲ್ಲಿ ಓಡಾಡುವ ಹಲ್ಲಿ ಬಿಸಿಲು ತಾಳಲಾರದೆ ನೆರಳು ಸೇರುತ್ತದೆ, ನೆರಳಿನಲ್ಲಿ ಕಳೆದ ಹೊತ್ತೆಲ್ಲ ಬೇಟೆಯಿಲ್ಲದ ಹೊತ್ತು, ಹೊಟ್ಟೆಗಿಲ್ಲದ ಹೆಣ್ಣು ಮೊಟ್ಟೆಯಿಡಲಾರದು. ಪ್ರಬಂಧದ ವಾದದ ಎಳೆ ಇದು. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ.

ಆದರೆ ಆ ತರ್ಕ ಹಗಲಿನ ಹಲ್ಲಿಗೆ ಹೊಂದುವಂಥದು. ಅದನ್ನು ಹಾಗೆಯೇ ಎತ್ತಿ ಮರುಭೂಮಿಯ ಎಲ್ಲ ಹಲ್ಲಿಗಳ ತಲೆಗೂ ಕಟ್ಟಿದಾಗ ದೊಡ್ಡದೊಂದು ಸಂಗತಿ ಕಣ್ಣು ತಪ್ಪುತ್ತದೆ. ಆಸ್ಟ್ರೇಲಿಯಾದ ಒಣನೆಲದಲ್ಲಿ ಮರದ ಮೇಲೆ ಬಾಳುವ ಒಂದು ಸಣ್ಣ ಇರುಳು ಹಲ್ಲಿಯನ್ನು ಮೂವತ್ತು ವರ್ಷ ಒಂದೇ ಜಾಗದಲ್ಲಿ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಹೊರಬಂತು. ಅದು ತೋರಿಸಿಕೊಟ್ಟದ್ದು ಬೇರೆಯೇ: ಈ ಹಲ್ಲಿಯ ಏಳುಬೀಳನ್ನು ನಿರ್ಧರಿಸುವುದು ಬಿಸಿಲಲ್ಲ, ನೀರು. ಆ ನೀರಿನಲ್ಲಿ ಒಂದು ಪಾಲು ಅದರ ನೆತ್ತಿಯ ಮೇಲೆ ಸುರಿದದ್ದೇ ಅಲ್ಲ, ನೂರಾರು ಕಿಲೋಮೀಟರ್ ಆಚೆ ಸುರಿದದ್ದು. ನೀರು ತಪ್ಪಿದಾಗ ಆಗುವ ಹಾನಿ ತಲೆಯೆಣಿಕೆಯಲ್ಲಿ ಕಾಣುವುದೂ ಇಲ್ಲ. ಈ ಮೂರು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಣನಾಡಿನ ಜೀವಗಳ ಬಗ್ಗೆ ನಾವು ಕೇಳುವ ಪ್ರಶ್ನೆಯನ್ನೇ ಬದಲಿಸಬೇಕಾಗುತ್ತದೆ ಎಂಬುದು ನನ್ನ ವಾದ.

ಮೊದಲು ಹಲ್ಲಿಯ ಪರಿಚಯ ಆಗಲಿ. ಇದರ ಕುಲದ ಹೆಸರು ಗೆಹೈರಾ. 1836ರಲ್ಲಿ ಫ್ರಾನ್ಸಿನ ಡುಮೆರಿಲ್ ಮತ್ತು ಬಿಬ್ರೊನ್ ಇದಕ್ಕೆ ವೇರಿಯೆಗೇಟಾ ಎಂದು ಹೆಸರಿಟ್ಟರು. ಬಹುಕಾಲ ಆಸ್ಟ್ರೇಲಿಯಾದ ಪಶ್ಚಿಮ ತೀರದಿಂದ ಪೂರ್ವದವರೆಗೆ ಇರುವುದೆಲ್ಲ ಒಂದೇ ಪ್ರಭೇದ ಎಂದು ನಂಬಲಾಗಿತ್ತು. ವರ್ಣತಂತುಗಳನ್ನೂ ಆಮೇಲೆ ಡಿಎನ್‌ಎಯನ್ನೂ ನೋಡಿದವರಿಗೆ ಅದು ಹಾಗಲ್ಲವೆಂದು ತಿಳಿಯಿತು. 2014ರಲ್ಲಿ ಪೂರ್ವ ಭಾಗದವಕ್ಕೆ ವರ್ಸಿಕಲರ್ ಎಂಬ ಪ್ರತ್ಯೇಕ ಹೆಸರು ಬಂತು. ನಾನು ಹೇಳಲಿರುವ ದೀರ್ಘ ಅಧ್ಯಯನ ಹಳೆಯ ಹೆಸರನ್ನೇ ಉಳಿಸಿಕೊಂಡಿರುವುದರಿಂದ ಇಲ್ಲಿ ಗೆಹೈರಾ ಎಂದಷ್ಟೇ ಕರೆಯುತ್ತೇನೆ.

ಮೂತಿಯಿಂದ ಬಾಲದ ಬುಡದವರೆಗೆ ಅಳೆದರೆ ಐದು ಸೆಂಟಿಮೀಟರಿನ ಆಸುಪಾಸು, ನಮ್ಮ ಗೋಡೆಯ ಹಲ್ಲಿಗಿಂತ ಚಿಕ್ಕದು. ಬೂದು ಕಂದು ಮೈ. ಅದರ ಮೇಲೆ ಕಪ್ಪು ಗೀರುಗಳು ಹೆಣೆದುಕೊಂಡು ಬಲೆಯಂತಾಗಿ, ನಡುನಡುವೆ ಮಸುಕು ಬಿಳಿಯ ಚುಕ್ಕೆಗಳಿರುತ್ತವೆ. ಒಣಗಿ ಬಿರಿದ ತೊಗಟೆಗೆ ಅಂಟಿ ಕೂತರೆ ತೊಗಟೆ ಯಾವುದು ಹಲ್ಲಿ ಯಾವುದು ಎಂದು ಕಣ್ಣಿಗೆ ಬಿಡಿಸಲಾಗದು. ಕಣ್ಣಿಗೆ ರೆಪ್ಪೆಯಿಲ್ಲ, ಪಾರದರ್ಶಕ ಪೊರೆಯೊಂದು ಮುಚ್ಚಿದೆ. ಧೂಳು ಕೂತರೆ ನಾಲಿಗೆ ಚಾಚಿ ಒರೆಸಿಕೊಳ್ಳುತ್ತದೆ. ಕಾಲ್ಬೆರಳುಗಳ ತುದಿ ಅಗಲ, ಅಡಿಯಲ್ಲಿ ಅಡ್ಡಡ್ಡ ಮಡಿಕೆಗಳು, ಒಳಬದಿಯ ಬೆರಳಿಗೆ ಮಾತ್ರ ಉಗುರಿಲ್ಲ. ಹಲ್ಲಿಯ ಪಾದದ ಬಗ್ಗೆ ಜಗತ್ತು ಸಾಕಷ್ಟು ಬೆರಗುಪಟ್ಟಿದೆ. ಆ ಮಡಿಕೆಗಳ ಮೇಲಿನ ಅತಿಸೂಕ್ಷ್ಮ ರೋಮಗಳು ಅಂಟಿಲ್ಲದೆ, ಅಣುಗಳ ನಡುವಿನ ಸೆಳೆತದ ಬಲದಿಂದಲೇ ಹಿಡಿತ ಸಾಧಿಸುತ್ತವೆ ಎಂಬುದನ್ನು ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2000 ಮತ್ತು 2002ರಲ್ಲಿ ಟೋಕೆ ಹಲ್ಲಿಯ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿದರು. ಅದು ದೊಡ್ಡ ವಿಜ್ಞಾನವೇ ಸರಿ. ಆದರೆ ಪಾದ ಹಲ್ಲಿಯನ್ನು ಮರ ಹತ್ತಿಸಬಲ್ಲದು, ಅಷ್ಟೆ. ಒಣನಾಡಿನಲ್ಲಿ ಅದು ಹೇಗೆ ಬಾಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಮರದೊಳಗಿದೆ.

ಇರುಳು ಪ್ರಾಣಿಯ ಹಗಲನ್ನು ನಾವು ಸಾಮಾನ್ಯವಾಗಿ ನಿದ್ದೆಯ ಹೊತ್ತೆಂದು ಬಿಟ್ಟುಬಿಡುತ್ತೇವೆ. ಗೆಹೈರಾದ ಹಗಲು ಹಾಗಿಲ್ಲ. 1960ರ ದಶಕದಲ್ಲಿ ರಾಬರ್ಟ್ ಬಸ್ಟರ್ಡ್ ಎಂಬ ಪ್ರಾಣಿವಿಜ್ಞಾನಿ ನ್ಯೂ ಸೌತ್ ವೇಲ್ಸ್‌ನ ಉತ್ತರದ ಪಿಲಿಗಾ ಕಾಡಿನಲ್ಲಿ ಈ ಹಲ್ಲಿಯ ಹಿಂದೆ ಬಿದ್ದರು. ತೊಗಟೆಯ ಅಡಿಯಲ್ಲಿ ಅಡಗಿರುವ ಹಲ್ಲಿ ಬಿಸಿಲು ಬಿದ್ದು ಕಾದ ತೊಗಟೆಯ ಒಳಮೈಗೆ ಮೈಯೊತ್ತಿ ಶಾಖ ಹೀರಿಕೊಳ್ಳುತ್ತದೆ, ಬೇಕಾದಂತೆ ಜಾಗ ಬದಲಿಸುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಸೂರ್ಯನನ್ನು ನೋಡದೆಯೇ ಬಿಸಿಲು ಕಾಯಿಸಿಕೊಳ್ಳುವ ಈ ಉಪಾಯ ಸಾಧ್ಯವಾಗುವುದು ಮರವಿದ್ದಾಗ. ಒಂದು ಬೊಡ್ಡೆಗೆ ಪೂರ್ವ, ಪಶ್ಚಿಮಗಳೆರಡೂ ಇವೆ. ತೆಳು ತೊಗಟೆಯ ಹಿಂದೆ ಬೆಚ್ಚಗಿರುತ್ತದೆ, ದಪ್ಪ ದಿಮ್ಮಿಯ ಪೊಟರೆಯ ಆಳದಲ್ಲಿ ತಂಪಿರುತ್ತದೆ. ಹೊರಗಿನ ಮರುಭೂಮಿಯಲ್ಲಿ ನೆಲದ ಮೇಲಿನ ಶಾಖ ಒಂದೇ ಸಮನೆ ಏರಿ ಇಳಿಯುವಾಗ, ಒಂದೇ ಮರದೊಳಗೆ ಹತ್ತಾರು ಬಗೆಯ ಹವೆ ಸಿದ್ಧವಾಗಿರುತ್ತದೆ. ಕೆಲವೇ ಅಡಿ ಸರಿದರೆ ಹಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಬಹುದು.

ಬಸ್ಟರ್ಡ್ ಅವರ ಹೆಸರು ಭಾರತದ ವನ್ಯಜೀವಿ ಆಸಕ್ತರಿಗೆ ಬೇರೆ ಕಾರಣಕ್ಕೆ ಪರಿಚಿತ. 1970ರ ದಶಕದ ಮಧ್ಯದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪರಿಣತರಾಗಿ ನಮ್ಮ ದೇಶಕ್ಕೆ ಬಂದು, 1975ರಲ್ಲಿ ಶುರುವಾದ ಮೊಸಳೆ ಸಂರಕ್ಷಣಾ ಯೋಜನೆಗೆ ಅಡಿಪಾಯ ಹಾಕಿಕೊಟ್ಟವರು ಅವರೇ. ಅಳಿವಿನಂಚಿನಲ್ಲಿದ್ದ ಘರಿಯಾಲ್‌ಗಳ ಮೊಟ್ಟೆಗಳನ್ನು ಕಾಪಾಡಿ ಮರಿ ಮಾಡಿಸಿ ನದಿಗೆ ಬಿಡುವ ಕೆಲಸದಲ್ಲಿ ಅವರ ಪಾಲು ದೊಡ್ಡದು. ಅಂಗೈಯಗಲದ ಹಲ್ಲಿಯ ಮೊಟ್ಟೆ, ಮರಿ, ಬೆಳವಣಿಗೆಗಳ ಲೆಕ್ಕವಿಡುತ್ತಿದ್ದ ಅದೇ ಮನುಷ್ಯ ಆಮೇಲೆ ಮಹಾನದಿಯ ದಡದಲ್ಲಿ ಘರಿಯಾಲ್‌ಗಳ ಲೆಕ್ಕವಿಟ್ಟರು. ಸಣ್ಣ ಪ್ರಾಣಿಯ ಅಧ್ಯಯನದಿಂದ ಏನು ಪ್ರಯೋಜನ ಎನ್ನುವವರಿಗೆ ನಾನು ಮೊದಲು ಕೊಡುವ ಉದಾಹರಣೆ ಇದು.

ಮರ ಎಂದೆ. ಯಾವ ಮರ ಎಂಬುದೂ ಮುಖ್ಯ. ಅದು ನೀಲಗಿರಿ. ಹೌದು, ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ಸಾಲು ಸಾಲಾಗಿ ನೆಟ್ಟು ಅಂತರ್ಜಲದ ಕಳ್ಳನೆಂದು ಬೈಸಿಕೊಂಡ, 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದ ಅದೇ ನೀಲಗಿರಿಯ ಬಳಗ. ನಾವಿಲ್ಲಿ ನೋಡಿರುವುದು ಕೆಲವೇ ವರ್ಷಕ್ಕೆ ಕಡಿದು ಕಾಗದದ ಕಾರ್ಖಾನೆಗೋ ಸಾರುವೆ ಕಟ್ಟಲೋ ಸಾಗಿಸುವ ನೆಟ್ಟಗಿನ ಎಳೆಯ ಕಂಬಗಳನ್ನು. ತನ್ನ ತವರಿನಲ್ಲಿ ಮುಪ್ಪಾಗಲು ಬಿಟ್ಟ ನೀಲಗಿರಿಯನ್ನು ನಮ್ಮಲ್ಲಿ ಬಹುಪಾಲು ಜನ ಕಂಡೇ ಇಲ್ಲ. ಡಾರ್ಲಿಂಗ್ ನದಿಯ ದಂಡೆಯ ಕೆಂಪು ನೀಲಗಿರಿ ಶತಮಾನಗಳನ್ನು ಕಾಣುತ್ತದೆ. ಕೊಂಬೆ ಮುರಿದು ಬೀಳುತ್ತದೆ, ಮುರಿದ ಗಾಯದಲ್ಲಿ ಅಣಬೆ ಹಿಡಿಯುತ್ತದೆ, ಗೆದ್ದಲು ತಿರುಳನ್ನು ತಿಂದು ಟೊಳ್ಳು ಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ ಮರಕುಟಿಗ ಹಕ್ಕಿಗಳೇ ಇಲ್ಲ. ನಮ್ಮ ಕಾಡುಗಳಲ್ಲಿ ಮರಕುಟಿಗ ಕೆಲವು ವಾರಗಳಲ್ಲಿ ಕೊರೆದು ಕೊಡುವ ಗೂಡನ್ನು ಅಲ್ಲಿ ಅಣಬೆ, ಗೆದ್ದಲು, ಗಾಳಿ ಸೇರಿ ನಿಧಾನವಾಗಿ ಮಾಡಬೇಕು. ಬಳಕೆಗೆ ಬರುವ ಪೊಟರೆ ಆಗಲು ಮರಕ್ಕೆ ನೂರು ವರ್ಷ ಮೀರಬೇಕಾಗುತ್ತದೆ. ಗಿಳಿ, ಬಾವಲಿ, ಹಲ್ಲಿ ಎಲ್ಲಕ್ಕೂ ಆ ಪೊಟರೆಯೇ ಮನೆ. ಮರುಭೂಮಿಯ ಮುದಿ ಮರವೊಂದನ್ನು ಉರುಳಿಸಿದರೆ ಆ ಮನೆಯ ಬದಲಿಗೆ ಇನ್ನೊಂದು ಸಿದ್ಧವಾಗುವುದನ್ನು ಉರುಳಿಸಿದವರ ಮೊಮ್ಮಕ್ಕಳೂ ನೋಡಲಾರರು.

ಮರುಭೂಮಿಯಲ್ಲಿ ಮರ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಅಮೆರಿಕದ ಎರಿಕ್ ಪಿಯಾಂಕಾ ತಮ್ಮ ಜೀವಮಾನದ ಕೆಲಸದಿಂದ ತೋರಿಸಿದ್ದಾರೆ. 2022ರಲ್ಲಿ ತೀರಿಕೊಂಡ ಅವರು ಉತ್ತರ ಅಮೆರಿಕ, ಆಫ್ರಿಕಾದ ಕಲಹಾರಿ, ಪಶ್ಚಿಮ ಆಸ್ಟ್ರೇಲಿಯಾ ಈ ಮೂರು ಕಡೆಯ ಮರುಭೂಮಿಗಳಲ್ಲಿ ನಡೆದು, ಹಲ್ಲಿಗಳನ್ನು ಎಣಿಸಿ, ಅವುಗಳ ಹೊಟ್ಟೆಯಲ್ಲಿದ್ದುದನ್ನು ಬಿಡಿಸಿ ನೋಡಿ, 1986ರಲ್ಲಿ ಎಲ್ಲವನ್ನೂ ಒಂದು ಗ್ರಂಥದಲ್ಲಿ ಹಿಡಿದಿಟ್ಟರು. ಅಮೆರಿಕದ ಒಂದು ಮರುಭೂಮಿ ತಾಣದಲ್ಲಿ ಹತ್ತರ ಆಸುಪಾಸು ಪ್ರಭೇದಗಳ ಹಲ್ಲಿಗಳಿದ್ದರೆ, ಗ್ರೇಟ್ ವಿಕ್ಟೋರಿಯಾ ಮರುಭೂಮಿಯ ಒಂದೇ ತಾಣದಲ್ಲಿ ನಲವತ್ತರಷ್ಟು ಸಿಕ್ಕವು. ಇದಕ್ಕೆ ಅವರು ಹಲವು ಕಾರಣ ಕೊಟ್ಟರು. ಮುಳ್ಳುಹುಲ್ಲಿನ ಮೆಳೆಗಳು, ಗೆದ್ದಲಿನ ಸಮೃದ್ಧಿ, ಹಾಗೆಯೇ ಇರುಳಿನಲ್ಲಿ ಬಾಳುವ ಮತ್ತು ಮರದಲ್ಲಿ ಬಾಳುವ ಹಲ್ಲಿಗಳ ಹೆಚ್ಚಳ. ಅಮೆರಿಕದ ಆ ಬಯಲು ಮರುಭೂಮಿಗಳಲ್ಲಿ ಇರುಳು ಹೊತ್ತು ಮರದ ಮೇಲೆ ಬೇಟೆಯಾಡುವ ಹಲ್ಲಿಯೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಮಾರ್ಬಲ್ ನೀಲಗಿರಿಯ ಮೇಲೆ ಗೆಹೈರಾ ಕುಲದ ಪರ್ಪ್ಯುರಾಸೆನ್ಸ್ ಇದೆ, ಪೊದೆಗಳ ರೆಂಬೆಗಳಲ್ಲಿ ಬಾಲದಿಂದ ಅಂಟುದ್ರವ ಚಿಮ್ಮಿಸುವ ಸ್ಟ್ರೋಫುರಸ್ ಇದೆ. ನೆಲಕ್ಕೆ ಮರ ಸೇರಿದರೆ, ಹಗಲಿಗೆ ಇರುಳು ಸೇರಿದರೆ, ಅಷ್ಟೇ ಜಾಗದಲ್ಲಿ ಬಾಳಬಲ್ಲ ಬದುಕುಗಳ ಸಂಖ್ಯೆ ಹೆಚ್ಚುತ್ತದೆ. ಮರುಭೂಮಿ ಎಂದರೆ ಬರಿಯ ಮರಳು ಎಂದುಕೊಂಡವರಿಗೆ ಈ ಸರಳ ವಿಷಯ ಹೊಳೆಯುವುದಿಲ್ಲ.

ಇನ್ನು ಗೆಹೈರಾದ ಬದುಕಿನ ವೇಗ. ಗೋಡೆಹಲ್ಲಿಯ ಬಳಗದಲ್ಲಿ ಹೆಚ್ಚಿನವು ಸಲಕ್ಕೆ ಎರಡು ಮೊಟ್ಟೆ ಇಡುತ್ತವೆ. ಇದು ಇಡುವುದು ಒಂದೇ. ವರ್ಷಕ್ಕೆ ಒಂದು, ಕಾಲ ಚೆನ್ನಾಗಿದ್ದರೆ ಎರಡು ಸಲ. ಮೊಟ್ಟೆಯ ಚಿಪ್ಪು ಸುಣ್ಣದಿಂದ ಗಟ್ಟಿಯಾಗಿರುವುದರಿಂದ ಒಳಗಿನ ತೇವ ಸುಲಭವಾಗಿ ಆರದು. ಮರಿ ಬೆಳೆದು ಮೊಟ್ಟೆಯಿಡುವ ವಯಸ್ಸಿಗೆ ಬರಲು ವರ್ಷಗಳೇ ಬೇಕು. ಬೆಳೆದ ಹಲ್ಲಿ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುತ್ತದೆ, ಕೆಟ್ಟ ಕಾಲದಲ್ಲಿ ಅದನ್ನು ಕರಗಿಸಿಕೊಳ್ಳುತ್ತದೆ. ಐದು ಸೆಂಟಿಮೀಟರಿನ ಮೈಗೆ ಇದು ಬಹಳ ನಿಧಾನದ, ದೀರ್ಘವಾದ ಬಾಳು. ಕಡಿಮೆ ಹೆತ್ತು, ಹೆಚ್ಚು ಕಾಲ ಬದುಕಿ, ಒಳ್ಳೆಯ ವರ್ಷಕ್ಕಾಗಿ ಕಾದುಕೂರುವುದು ಇದರ ರೀತಿ. ಮುಂದಿನ ವಾದವೆಲ್ಲ ಈ ನಿಧಾನವನ್ನು ಆಧರಿಸಿದೆ.

ನ್ಯೂ ಸೌತ್ ವೇಲ್ಸ್‌ನ ಪಶ್ಚಿಮದಂಚಿನಲ್ಲಿ ಮೆನಿಂಡಿ ಎಂಬ ಸಣ್ಣ ಊರಿದೆ. ಪಕ್ಕದಲ್ಲೇ ಕಿಂಚೆಗಾ ರಾಷ್ಟ್ರೀಯ ಉದ್ಯಾನ. 1967ರಲ್ಲಿ ಉದ್ಯಾನವಾಗುವ ಮೊದಲು ಅದು ಕುರಿಗಳ ದೊಡ್ಡ ಹುಲ್ಲುಗಾವಲು. ವರ್ಷಕ್ಕೆ ಸರಾಸರಿ 250 ಮಿಲಿಮೀಟರಿನಷ್ಟು ಮಳೆ. 1939ರ ಜನವರಿಯಲ್ಲಿ ಮೆನಿಂಡಿಯಲ್ಲಿ 49.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಬಿಸಿಲಿನ ಪರೀಕ್ಷೆಗೆ ಇದಕ್ಕಿಂತ ತಕ್ಕ ಜಾಗ ಬೇಕಿಲ್ಲ. ಇಲ್ಲಿಗೆ ಜರ್ಮನಿಯಿಂದ ಬಂದ ಕ್ಲೌಸ್ ಹೆನ್ಲೆ 1980ರ ದಶಕದಲ್ಲಿ ಮರಹಲ್ಲಿಗಳ ಅಧ್ಯಯನ ಆರಂಭಿಸಿ, 1990ರಲ್ಲಿ ಅವುಗಳ ಬಾಳುವೆಯ ಬಗ್ಗೆ ದೀರ್ಘ ಪ್ರಬಂಧ ಬರೆದರು. ಆಮೇಲೆಯೂ ಕೈಬಿಡಲಿಲ್ಲ. ಹಿಡಿದ ಹಲ್ಲಿಯನ್ನು ಅಳೆದು, ತೂಗಿ, ಗುರುತು ಹಾಕಿ, ಸಿಕ್ಕ ಮರಕ್ಕೇ ವಾಪಸು ಬಿಡುವುದು, ಮತ್ತೆ ಬಂದು ಅದೇ ಹಲ್ಲಿ ಸಿಕ್ಕರೆ ಮತ್ತೆ ಅಳೆಯುವುದು. ಹೀಗೆ ಮೂವತ್ತು ವರ್ಷಗಳ ಲೆಕ್ಕ ಕೂಡಿತು. ಅದನ್ನು ಆನೆಗ್ರೆಟ್ ಗ್ರಿಮ್-ಸೈಫರ್ಟ್, ಹೆನ್ಲೆ ಮತ್ತು ಜೊತೆಗಾರರು 2018ರಲ್ಲಿ ‘ಎಕಲಾಜಿಕಲ್ ಮಾನೋಗ್ರಾಫ್ಸ್’ನಲ್ಲಿ ಬಿಡಿಸಿಟ್ಟರು.

ಅಲ್ಲಿ ಕಂಡದ್ದೇನು? ಬಿಸಿ ಹೆಚ್ಚಿದ ವರ್ಷಗಳಲ್ಲಿ, ನೀರೂ ಇದ್ದರೆ, ಹಲ್ಲಿಗಳು ಇನ್ನೂ ಚೆನ್ನಾಗಿದ್ದವು. ಮೈ ತುಂಬಿಕೊಂಡವು, ಬೇಗ ಬೆಳೆದವು. ಕಡುಬಿಸಿಯ ದಿನಗಳಲ್ಲಿ ಅವುಗಳ ಹಗಲಿನ ನಡವಳಿಕೆಯೂ ಬದಲಾಗಲಿಲ್ಲ, ಇರುಳಿನದೂ ಬದಲಾಗಲಿಲ್ಲ. ಬದಲಾದದ್ದು ಚಳಿ ಬಿದ್ದಾಗ. ತಂಪು ದಿನಗಳಲ್ಲಿ ಹಲ್ಲಿಗಳು ಪೊಟರೆಯ ಆಳ ಬಿಟ್ಟು ಬಿಸಿಲು ತಾಗುವ ಟೊಳ್ಳು ಕೊಂಬೆಗಳಿಗೆ ಬಂದವು, ಕೆಲವು ಹಾಡಹಗಲೇ ಹೊರಬಂದು ಮೈ ಕಾಯಿಸಿಕೊಂಡವು. ಹಕ್ಕಿಗಳ ಕಣ್ಣಿಗೆ ಬೀಳುವ ಅಪಾಯ ಇರುಳು ಪ್ರಾಣಿಗೆ ಅಗ್ಗದ ಬೆಲೆಯಲ್ಲ. ಅಂದರೆ ಈ ಹಲ್ಲಿಗೆ ಕಷ್ಟ ಕೊಟ್ಟದ್ದು ಸೆಕೆಯಲ್ಲ, ಚಳಿ. ಮರದೊಳಗಿನ ಬಗೆಬಗೆಯ ಹವೆ, ಇರುಳಿನ ದುಡಿಮೆ ಇವೆರಡೂ ಸೇರಿ ಬಿಸಿಲಿನ ಏಟನ್ನು ತಪ್ಪಿಸಿಕೊಡುತ್ತವೆ. ಸೆಕೆಯ ಇರುಳು ಬೇಟೆಗೆ ಅನುಕೂಲವೂ ಹೌದು.

ನೀರಿಲ್ಲದ ವರ್ಷಗಳ ಕತೆ ಬೇರೆ. ಆಗ ಅತಿಯಾದ ಬಿಸಿ ಬಂದರೆ ಮರಿಗಳ ಬೆಳವಣಿಗೆ ಕುಂಠಿತವಾಯಿತು, ಪ್ರಾಯಕ್ಕೆ ಬರುವುದು ತಡವಾಯಿತು. ಬಿಸಿಯಿಂದ ಮೈಯ ಖರ್ಚು ಏರುತ್ತದೆ, ಒಣ ವರ್ಷದಲ್ಲಿ ಕೀಟಗಳಿಲ್ಲದೆ ಆದಾಯ ಇಳಿಯುತ್ತದೆ. ಆದರೆ ಹಲ್ಲಿಗಳು ಸಾಯಲಿಲ್ಲ. ಒಟ್ಟು ಸಂಖ್ಯೆಯೂ ಇಳಿಯಲಿಲ್ಲ. ಬೆಳೆಯುವುದನ್ನು ಮುಂದೂಡಿ ಜೀವ ಹಿಡಿದುಕೊಂಡವು. ಈ ಸಾಲುಗಳನ್ನು ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಇದೇ. ಆ ವರ್ಷಗಳಲ್ಲಿ ಯಾರಾದರೂ ಬಂದು ಮರಗಳ ಮೇಲೆ ಟಾರ್ಚ್ ಬಿಟ್ಟು ಹಲ್ಲಿಗಳನ್ನು ಎಣಿಸಿದ್ದರೆ, ಎಲ್ಲ ಸರಿಯಾಗಿದೆ ಎಂದು ವರದಿ ಬರೆದು ಹೋಗುತ್ತಿದ್ದರು. ಪ್ರತಿಯೊಂದು ಹಲ್ಲಿಯ ಗುರುತು ಹಿಡಿದು ಅಳೆದದ್ದರಿಂದ ಮಾತ್ರ ಒಳಗಿನ ಸಂಕಟ ಹೊರಬಂತು.

ಮೂರನೆಯ ಸಂಗತಿ ನೀರು ಎಲ್ಲಿಂದ ಬರುತ್ತದೆ ಎಂಬುದು. ಕಿಂಚೆಗಾದ ಮೇಲೆಯೇ ಮಳೆ ಸುರಿದರೂ ಸರಿ, ಅದು ಕೈಕೊಟ್ಟು ನದಿಯಲ್ಲಿ ನೆರೆ ಬಂದರೂ ಸರಿ, ಹಲ್ಲಿಗೆ ಎರಡೂ ಒಂದೇ ಫಲ ಕೊಟ್ಟವು. ಒಂದರ ಕೊರತೆಯನ್ನು ಇನ್ನೊಂದು ತುಂಬಿತು. ಆ ನೆರೆ ಹುಟ್ಟುವುದು ಕ್ವೀನ್ಸ್‌ಲ್ಯಾಂಡಿನ ದಕ್ಷಿಣದಲ್ಲಿ, ನ್ಯೂ ಸೌತ್ ವೇಲ್ಸ್‌ನ ಉತ್ತರದಲ್ಲಿ. ಪೆಸಿಫಿಕ್ ಸಾಗರದಲ್ಲಿ ಲಾ ನಿನ್ಯಾ ಎಂಬ ಹವಾಮಾನ ಸ್ಥಿತಿ ನೆಲೆಗೊಂಡ ವರ್ಷಗಳಲ್ಲಿ ಅಲ್ಲೆಲ್ಲ ಜೋರು ಮಳೆಯಾಗಿ, ಬಾರ್ವನ್ ಮತ್ತು ಉಪನದಿಗಳಲ್ಲಿ ಹರಿದು, ವಾರ ತಿಂಗಳುಗಳ ಬಳಿಕ ಡಾರ್ಲಿಂಗ್‌ನಲ್ಲಿ ಮೆನಿಂಡಿಗೆ ಬಂದು ಬಯಲಿಗೆ ನುಗ್ಗುತ್ತದೆ. ಆಗುಂಬೆ, ಶೃಂಗೇರಿಯ ಮಳೆ ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ತುಂಗಭದ್ರೆಯಾಗಿ ಹರಿಯುವುದನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆರೆಯಿಳಿದ ಮಣ್ಣಿನಲ್ಲಿ ಹಸುರು ಚಿಗುರುತ್ತದೆ, ಕೀಟಗಳು ಮುಗಿಬೀಳುತ್ತವೆ. ಮರದ ಬೊಡ್ಡೆಯ ಮೇಲೆ ಕೂತ ಹಲ್ಲಿಗೆ ಅನ್ನವೂ ಕೀಟದ ಮೈಯೊಳಗಿನ ನೀರೂ ಒಟ್ಟಿಗೆ ಸಿಗುತ್ತವೆ. ಕೆಂಪು ನೀಲಗಿರಿಯ ಬೀಜ ಮೊಳೆತು ಸಸಿ ನಿಲ್ಲುವುದಕ್ಕೂ ಇದೇ ನೆರೆ ಬೇಕು. ಇಂದಿನ ಹಲ್ಲಿಯ ಊಟ, ನೂರು ವರ್ಷದಾಚೆಯ ಹಲ್ಲಿಯ ಮನೆ, ಎರಡಕ್ಕೂ ಬೇರು ಒಂದೇ.

ಇಲ್ಲಿಂದ ಮುಂದೆ ಹೇಳುವುದು ಆ ಅಧ್ಯಯನದ ಮಾತಲ್ಲ, ನನ್ನ ತರ್ಕ. ನೀರೇ ಮಿತಿಯಾದರೆ ಆ ನೀರನ್ನು ದಾರಿಯಲ್ಲಿ ಯಾರು ಹಿಡಿಯುತ್ತಾರೆ ಎಂಬ ಪ್ರಶ್ನೆ ಹಲ್ಲಿಯ ಜೀವಶಾಸ್ತ್ರದೊಳಕ್ಕೇ ಬರುತ್ತದೆ. ಡಾರ್ಲಿಂಗ್‌ನ ಮೇಲ್ಭಾಗದಲ್ಲಿ ಹತ್ತಿಯ ದೊಡ್ಡ ನೀರಾವರಿ ಜಮೀನುಗಳಿವೆ. ಬಯಲಿಗೆ ಹರಡುವ ನೆರೆಯನ್ನೂ ಕಟ್ಟೆ ಕಟ್ಟಿ ತುಂಬಿಸಿಕೊಳ್ಳುವ ಪದ್ಧತಿ ಅಲ್ಲಿದೆ. 2018ರ ಡಿಸೆಂಬರ್ ಮತ್ತು 2019ರ ಜನವರಿಯಲ್ಲಿ ಮೆನಿಂಡಿಯ ಬಳಿ ಲಕ್ಷಗಟ್ಟಲೆ ಮೀನು ಸತ್ತು ತೇಲಿದವು. ಕಾರಣ ಹುಡುಕಿದ ಆಸ್ಟ್ರೇಲಿಯನ್ ವಿಜ್ಞಾನ ಅಕಾಡೆಮಿಯ ತಜ್ಞರು ಬರಗಾಲವನ್ನಷ್ಟೇ ದೂರಲಿಲ್ಲ. ಬಹುಕಾಲದಿಂದ ನದಿಯಿಂದ ಅತಿಯಾಗಿ ನೀರೆತ್ತಿದ್ದನ್ನೂ ಹೆಸರಿಸಿದರು. ಈ ನದಿಯನ್ನು ಬಾಕಾ ಎಂದು ಕರೆದು ಸಾವಿರಾರು ವರ್ಷಗಳಿಂದ ದಡದಲ್ಲಿ ಬಾಳಿದ ಬಾರ್ಕಿಂಜಿ ಜನ ಅದಕ್ಕೂ ಮೊದಲಿನಿಂದ ಇದನ್ನೇ ಹೇಳುತ್ತಿದ್ದರು. 2015ರಲ್ಲಿ ನ್ಯಾಯಾಲಯ ಆ ನೆಲದ ಮೇಲೆ ಅವರ ಮೂಲ ಹಕ್ಕನ್ನು ಒಪ್ಪಿಕೊಂಡಿತು. ಆದರೆ ನೆಲದ ಹಕ್ಕು ಸಿಕ್ಕರೂ ಹರಿಯುವ ನೀರಿನ ಮೇಲೆ ಮಾತು ನಡೆಸುವುದು ಅವರಿಗೆ ಸುಲಭವಾಗಲಿಲ್ಲ.

ಮೀನು ಸತ್ತಾಗ ಜಗತ್ತು ನೋಡಿತು, ಏಕೆಂದರೆ ಮೀನು ಒಂದೇ ದಿನ ಸಾಯುತ್ತದೆ, ನಾರುತ್ತದೆ, ಚಿತ್ರಕ್ಕೆ ಸಿಗುತ್ತದೆ. ಪೊಟರೆಯಲ್ಲಿ ಬೆಳವಣಿಗೆ ನಿಂತ ಹಲ್ಲಿಮರಿ ಯಾವ ಸುದ್ದಿಗೂ ಸಿಗುವುದಿಲ್ಲ. ದಡದ ಮುದಿ ಮರಗಳು ನೆರೆಯಿಲ್ಲದೆಯೂ ವರ್ಷಗಟ್ಟಲೆ ನಿಂತಿರುತ್ತವೆ, ಕೆಳಗೆ ಸಸಿಗಳಿಲ್ಲ ಎಂಬುದನ್ನು ಗಮನಿಸುವವರು ಕಡಿಮೆ. ನಿಧಾನವಾಗಿ ಬಾಳುವ ಹಲ್ಲಿ, ಅದಕ್ಕಿಂತ ನಿಧಾನವಾಗಿ ಬಾಳುವ ಮರ. ಇಬ್ಬರೂ ತಮ್ಮ ತಾಳ್ಮೆಯಿಂದಲೇ ನಮ್ಮನ್ನು ಮೋಸಗೊಳಿಸುತ್ತಾರೆ. ಹಾನಿ ಆಗಿ ಹೋದ ಬಹುಕಾಲದ ಮೇಲೆ ಲೆಕ್ಕ ತೋರುತ್ತದೆ.

ಇದು ಬರಿಯ ಊಹೆಯಲ್ಲ ಎನ್ನಲು ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯ ಕತೆ ನೋಡಬೇಕು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿನ ನೀಲಗಿರಿ ಕಾಡುಗಳನ್ನು ಬೋಳಿಸಿ ಹೊಲ ಮಾಡಿದರು. ನಡುನಡುವೆ ಅಲ್ಲೊಂದು ಇಲ್ಲೊಂದು ಕಾಡಿನ ತುಂಡು ಉಳಿಯಿತು. 1990ರ ದಶಕದಲ್ಲಿ ಸ್ಟೀಫನ್ ಸಾರ್ ಮತ್ತು ಜೊತೆಗಾರರು ಆ ತುಂಡುಗಳಲ್ಲಿ ಎರಡು ಬಗೆಯ ಮರಹಲ್ಲಿಗಳನ್ನು ಹುಡುಕಿದರು. ಒಂದು ಗೆಹೈರಾ, ಇನ್ನೊಂದು ರೆಟಿಕ್ಯುಲೇಟಾ ಎಂಬ, ಆಗ ಈಡುರಾ ಕುಲಕ್ಕೆ ಸೇರಿಸಿದ್ದ ಹಲ್ಲಿ. ಎರಡೂ ಇರುಳಿನವು, ಎರಡಕ್ಕೂ ಮರವೇ ಮನೆ. ಗೆಹೈರಾ ಹೆಚ್ಚುಕಡಿಮೆ ಎಲ್ಲ ತುಂಡುಗಳಲ್ಲೂ ಉಳಿದಿತ್ತು. ರೆಟಿಕ್ಯುಲೇಟಾ ಹಲವು ತುಂಡುಗಳಿಂದ ಆಗಲೇ ಮಾಯವಾಗಿತ್ತು. ಆಮೇಲೆ ಡಿಎನ್‌ಎ ನೋಡಿದಾಗ ಗೆಹೈರಾ ಅಷ್ಟಿಷ್ಟಾದರೂ ಹೊಲ ದಾಟಿ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುತ್ತದೆ, ರೆಟಿಕ್ಯುಲೇಟಾಕ್ಕೆ ಅದು ಸಾಧ್ಯವಾಗದು ಎಂದು ತಿಳಿಯಿತು. ಮರ ಕಡಿದದ್ದು ಮೊದಲು, ಹಲ್ಲಿ ಇಲ್ಲವಾದದ್ದು ಅನೇಕ ದಶಕಗಳ ನಂತರ, ಒಂದೊಂದು ತುಂಡಿನಲ್ಲಿ ಒಂದೊಂದು ಸಲ, ಯಾರ ಗಮನಕ್ಕೂ ಬಾರದೆ.

ಇದಕ್ಕೆ ಎದುರಾಗಿ ಕೇಳಬಹುದಾದ ಮೊದಲ ಪ್ರಶ್ನೆ ನನಗೆ ಗೊತ್ತು. ಗೆಹೈರಾ ಅಪರೂಪದ ಪ್ರಾಣಿಯಲ್ಲ. ಅಳಿವಿನ ಪಟ್ಟಿಯಲ್ಲಿಲ್ಲ. ಗೋಧಿ ಸೀಮೆಯಲ್ಲೂ ಉಳಿಯಿತು ಎಂದು ನಾನೇ ಹೇಳಿದೆ. ಹಾಗಿದ್ದ ಮೇಲೆ ಇದರ ಚಿಂತೆ ಏಕೆ? ನನ್ನ ಉತ್ತರ: ಸಾಮಾನ್ಯವಾಗಿರುವುದರಿಂದಲೇ ಇದರ ಮಾತು ಕೇಳಬೇಕು. ಅಪರೂಪದ ಜೀವಿ ಕಾಣೆಯಾಗಲು ನೂರು ಕಾರಣಗಳಿರಬಹುದು. ಎಲ್ಲೆಡೆ ಇರುವ, ಗಟ್ಟಿ ಪಿಂಡದ ಪ್ರಾಣಿ ಬೆಳೆಯುವುದನ್ನು ನಿಲ್ಲಿಸಿದರೆ ಇಡೀ ನೆಲದಲ್ಲೇ ಏನೋ ಕಡಿಮೆಯಾಗಿದೆ ಎಂದೇ ಅರ್ಥ. ಸಾಕಷ್ಟು ಸಂಖ್ಯೆಯಲ್ಲಿ ಸಿಗುವುದರಿಂದ ಅದರ ಲೆಕ್ಕದ ಮೇಲೆ ಭರವಸೆಯಿಡಬಹುದು. ಅಪರೂಪದ ಪ್ರಾಣಿಯ ಮೂರೋ ನಾಲ್ಕೋ ಅಳತೆಗಳಿಂದ ಬರದ ತಿಳಿವಳಿಕೆ ಸಾಮಾನ್ಯ ಪ್ರಾಣಿಯ ನೂರಾರು ಅಳತೆಗಳಿಂದ ಬರುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನೀರು ಮನುಷ್ಯರಿಗೂ ಬೇಕು, ಹತ್ತಿ ಬೆಳೆಯುವ ರೈತನ ಮನೆಯೂ ನಡೆಯಬೇಕು. ಅದನ್ನು ತಳ್ಳಿಹಾಕುವ ಪರಿಸರವಾದ ನನಗೆ ಒಗ್ಗುವುದಿಲ್ಲ. ಹರಿವನ್ನೆಲ್ಲ ಹಲ್ಲಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ನೀರು ಸದಾ ನಿಂತಿದ್ದರೂ ಕೇಡೇ. 1960ರ ದಶಕದ ಹೊತ್ತಿಗೆ ಮೆನಿಂಡಿಯ ಸಹಜ ಕೆರೆಗಳನ್ನು ಜಲಾಶಯಗಳಾಗಿ ಬದಲಿಸಿ ನೀರು ಹಿಡಿದಿಟ್ಟಾಗ ಅಂಚಿನ ಮರಗಳು ಮುಳುಗಿ ಸತ್ತವು. ಅವುಗಳ ಬೋಳು ಕಾಂಡಗಳು ಇಂದಿಗೂ ನೀರಿನ ನಡುವೆ ನಿಂತಿವೆ. 2022ರ ಕೊನೆಗೆ ಲಾ ನಿನ್ಯಾದ ದೊಡ್ಡ ನೆರೆ ಬಂದಿತು. ಅದು ಇಳಿಯುವಾಗ, 2023ರ ಮಾರ್ಚ್‌ನಲ್ಲಿ, ನೀರಿನಲ್ಲಿ ಆಮ್ಲಜನಕ ಕುಸಿದು ಮತ್ತೆ ಲಕ್ಷಾಂತರ ಮೀನುಗಳು ಸತ್ತವು. ಮರಕ್ಕೂ ಹಲ್ಲಿಗೂ ಬೇಕಾಗಿರುವುದು ಬಂದು ಹೋಗುವ ನೆರೆ, ಆಗೊಮ್ಮೆ ಈಗೊಮ್ಮೆ, ಹಲವು ವರ್ಷಕ್ಕೊಂದು ಸಲ. ವರ್ಷವಿಡೀ ನೀರೆತ್ತುವ ಹಕ್ಕಿಗೆ ಹೋಲಿಸಿದರೆ ಇದು ಸಣ್ಣ ಬೇಡಿಕೆ. ಆದರೆ ಮೇಲ್ಭಾಗದಲ್ಲಿ ಪ್ರತಿಯೊಂದು ನೆರೆಯ ನೆತ್ತಿಯನ್ನೂ ಕತ್ತರಿಸಿಕೊಂಡರೆ ಆ ಸಣ್ಣ ಬೇಡಿಕೆಯೂ ಈಡೇರುವುದಿಲ್ಲ.

2012ರಲ್ಲಿ ಜಾರಿಗೆ ಬಂದ ಮರ್ರೆ-ಡಾರ್ಲಿಂಗ್ ಜಲಾನಯನ ಯೋಜನೆ ನದಿ ಮತ್ತು ಜೌಗು ನೆಲಕ್ಕೆಂದೇ ನೀರು ಮೀಸಲಿಡುವ ತತ್ವವನ್ನು ಒಪ್ಪಿಕೊಂಡಿದೆ. ಅದು ದೊಡ್ಡ ಹೆಜ್ಜೆ. ಆದರೆ ಅಂಥ ಯೋಜನೆಗಳ ಯಶಸ್ಸನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಎದ್ದು ಕಾಣುವುದನ್ನೇ ಅಳೆಯುತ್ತೇವೆ: ಎಷ್ಟು ಮೀನು, ಎಷ್ಟು ನೀರ್ಹಕ್ಕಿಗಳು ಬಂದವು, ಎಷ್ಟು ಎಕರೆ ತೊಯ್ದಿತು. ದಡದ ಮರದ ಮೇಲಿನ ಹಲ್ಲಿಮರಿ ಈ ವರ್ಷ ಎಷ್ಟು ಮಿಲಿಮೀಟರ್ ಬೆಳೆಯಿತು, ಪ್ರಾಯಕ್ಕೆ ಬರಲು ಎಷ್ಟು ವರ್ಷ ತೆಗೆದುಕೊಂಡಿತು, ನೆರೆಯಿಳಿದ ಮೇಲೆ ಮೊಳೆತ ನೀಲಗಿರಿಯ ಸಸಿಗಳಲ್ಲಿ ಐದು ವರ್ಷದ ಬಳಿಕ ಎಷ್ಟು ಉಳಿದಿವೆ ಎಂಬ ಅಳತೆಗಳೂ ಜೊತೆಗೆ ಸೇರಬೇಕು. ಇವಕ್ಕೆ ದುಬಾರಿ ಯಂತ್ರ ಬೇಕಾಗಿಲ್ಲ. ಅಳತೆಪಟ್ಟಿ, ಟಾರ್ಚ್, ಚಿಕ್ಕ ತಕ್ಕಡಿ ಸಾಕು. ಬೇಕಾಗಿರುವುದು ಅದೇ ಮರಗಳಿಗೆ ವರ್ಷ ವರ್ಷವೂ ಹಿಂದಿರುಗುವ ಜನ, ಅವರಿಗೆ ಮೂರು ವರ್ಷಕ್ಕೇ ಕೈ ಬಿಡದ ಸಂಬಳ. ಸಂಶೋಧನೆಗೆ ಹಣ ಕೊಡುವ ಸಂಸ್ಥೆಗಳು, ನಮ್ಮಲ್ಲೂ ಹೊರಗೂ, ಮೂರರಿಂದ ಐದು ವರ್ಷಕ್ಕೊಮ್ಮೆ ಲೆಕ್ಕ ಮುಗಿಸುವುದನ್ನು ರೂಢಿ ಮಾಡಿಕೊಂಡಿವೆ. ಗೆಹೈರಾದ ಒಂದು ಮರಿ ಪ್ರಾಯಕ್ಕೆ ಬರುವ ಹೊತ್ತಿಗೆ ಆ ಹಣ ಮುಗಿದಿರುತ್ತದೆ. ಹೆನ್ಲೆ ಮತ್ತು ಅವರ ನಂತರದವರು ಅದನ್ನು ಮೀರಿ ಕಿಂಚೆಗಾಕ್ಕೆ ಮತ್ತೆ ಮತ್ತೆ ಹೋಗದಿದ್ದರೆ, ಈ ಹಲ್ಲಿಯನ್ನು ಬಿಸಿಲು ಕೊಲ್ಲುತ್ತದೆ ಎಂದೇ ನಾವು ಇಂದಿಗೂ ಬರೆಯುತ್ತಿದ್ದೆವು, ಮೇಲ್ಭಾಗದ ಕಟ್ಟೆಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.